ಏಳನೆಯ ಪ್ರಶ್ನೆ

ಡಾಕ್ಟರ್ ಏಕನಾಥ ಕಟಗೇರಿಯವರ ತಲೆಯಲ್ಲಿ ಹದಿನಾರು ವರ್ಷದ ಹಿಂದೆ ಒಂದು ಹುಳ ಹೊಕ್ಕಿತು. ಹುಳ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಅವರು ಅದನ್ನು ಸಿದ್ಧಾಂತ ಎನ್ನುತ್ತಾರೆ. ಹೃದಯ ದಣಿದ ಮೈಯಲ್ಲಿ ಕ್ಯಾನ್ಸರ್ ಬೇಗ ಬೆಳೆಯುತ್ತದೆ, ಸೋತ ಹೃದಯ ರಕ್ತಕ್ಕೆ ಏನನ್ನೋ ಬಿಡುತ್ತದೆ, ಅದನ್ನು ಉಂಡು ಗಡ್ಡೆ ಕೊಬ್ಬುತ್ತದೆ. ಇಷ್ಟೇ ಅವರ ಮಾತು. ಇಷ್ಟೇ ಮಾತನ್ನು ಅವರು ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರ ಎಲೆಯ ಮೇಲೆ ಬಡಿಸುತ್ತಿದ್ದರು.

ಧಾರವಾಡದವರು. ಓದಲು ಪುಣೆಗೆ ಬಂದು ಇಲ್ಲಿಯೇ ನಿಂತು, ಕೋಥರೂಡದಲ್ಲಿ ಮನೆ ಮಾಡಿ, ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕರಾದವರು. ಕೈಗುಣ ಒಳ್ಳೆಯದು, ಅದನ್ನು ಹಗೆಗಳೂ ಒಪ್ಪುತ್ತಾರೆ. ಬೆಳಿಗ್ಗೆ ಮನುಷ್ಯರನ್ನು ಕೊಯ್ಯುವುದು, ಮಧ್ಯಾಹ್ನ ಇಲಿಗಳ ಕೋಣೆಗೆ ಹೋಗುವುದು, ಹನ್ನೆರಡು ವರ್ಷ ಇದೇ ನಡೆಯಿತು. ಹೃದಯ ದುರ್ಬಲವಾದ ಇಲಿಗಳಲ್ಲಿ ಗಡ್ಡೆ ನಿಜಕ್ಕೂ ಬೇಗ ಬೆಳೆಯಿತು. ಆದರೆ ಇಲಿಯ ಮಾತನ್ನು ಯಾರು ಕೇಳುತ್ತಾರೆ? "ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ನಮ್ಮ ಕಟಗೇರಿ ಇಲಿ ಹಿಡಿದಾಗಿದೆ, ಈಗ ಬೆಟ್ಟ ಹುಡುಕುತ್ತಿದ್ದಾರೆ" ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಬೆಟ್ಟ ಕಡೆಗೂ ಸಿಕ್ಕಿತು. ಪುಣೆಯ ಹೊರಗಿನ ಚಾಕಣದ ಕಾರ್ಖಾನೆಗಳ ಸುತ್ತ ದುಡಿಯುವ ಮನೆಗಳಿಂದ ನಾನೂರ ಹನ್ನೆರಡು ಹೆಂಗಸರನ್ನು ಕ್ಯಾಂಪ್ ಮಾಡಿ ಕರೆದರು. ಯಾರಿಗೂ ಕ್ಯಾನ್ಸರ್ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡು, ಹೃದಯದ ತೊಂದರೆ ಇದೆಯೇ ಎಂದು ಕೇಳಿ, ಎಡ ಎದೆಗೆ ಯಂತ್ರ ಇಟ್ಟು ಹೃದಯದ ಕೆಲಸ ಅಳೆದು, ಎರಡು ವರ್ಷ ಬೆನ್ನು ಹತ್ತಿದರು. ಫಲ ಬಂದಾಗ ಅವರಿಗೇ ನಂಬಲಾಗಲಿಲ್ಲ. ಹೃದಯದ ತೊಂದರೆ ಇದೆ ಎಂದವರಲ್ಲಿ ಸ್ತನದ ಕ್ಯಾನ್ಸರ್ ಮೂರು ಪಟ್ಟು ಹೆಚ್ಚು. ಪ್ರಬಂಧಕ್ಕೆ ವಿದೇಶದ ಪತ್ರಿಕೆ ಒಪ್ಪಿಗೆ ಕೊಟ್ಟಿತು. ಶುಕ್ರವಾರ ದೆಹಲಿಯಿಂದ ಪರಿಶೀಲಕರ ತಂಡ ಬರುವುದಿತ್ತು. ಅವರು ತಲೆ ಅಲ್ಲಾಡಿಸಿದರೆ ಈ ಒಂದು ವಿಷಯಕ್ಕೇ ಮೀಸಲಾದ ಸಂಶೋಧನಾ ವಿಭಾಗ. ಇಲ್ಲದಿದ್ದರೆ ಬರುವ ಏಪ್ರಿಲ್‌ನಲ್ಲಿ ನಿವೃತ್ತಿ, ಆಮೇಲೆ ಜನ್ಮವಿಡೀ ಇಲಿ ಡಾಕ್ಟರ್ ಎಂಬ ಬಿರುದು. ಕಟಗೇರಿಯವರಿಗೆ ಬೇಕಾಗಿದ್ದದ್ದು ಕಟ್ಟಡವಲ್ಲ. ತಾನು ಹೇಳಿದ್ದು ನಿಜ ಎಂದು ಒಬ್ಬರಾದರೂ ಒಪ್ಪಬೇಕಾಗಿತ್ತು. ಹದಿನಾರು ವರ್ಷ ಒಂದೇ ಮಾತು ಹೇಳಿದವನ ಹಸಿವು ಅದು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮಂಜರಿ ಬಂದಳು. ಅಂಕಿಸಂಖ್ಯೆ ನೋಡಿಕೊಳ್ಳುವವಳು, ಪುಣೆಯ ಮರಾಠಿ ಹುಡುಗಿ, ಮಾತು ಕಡಿಮೆ. ಅವಳು ಬಾಗಿಲು ಮುಚ್ಚಿದ್ದನ್ನು ನೋಡಿ ಕಟಗೇರಿಯವರು ಪೆನ್ನು ಕೆಳಗಿಟ್ಟರು.

"ಸರ್, ಪರಿಶೀಲಕರು ಕೇಳಬಹುದು ಅಂತ ಭಾಷೆಯ ಪ್ರಕಾರ ಬೇರೆ ಬೇರೆ ಮಾಡಿ ನೋಡಿದೆ" ಎಂದು ಅವಳು ಮರಾಠಿಯಲ್ಲಿ ಹೇಳಿದಳು. "ಮರಾಠಿ ಪ್ರಶ್ನೆಗಳ ಹಾಳೆ ತುಂಬಿದವರಲ್ಲಿ ಯಾವ ಸಂಬಂಧವೂ ಇಲ್ಲ. ಹಿಂದಿಯವರಲ್ಲೂ ಇಲ್ಲ. ಇರುವುದೆಲ್ಲ ಕನ್ನಡದ ಹಾಳೆಯಲ್ಲಿ. ಕನ್ನಡದ ತೊಂಬತ್ತಾರು ಹೆಂಗಸರಲ್ಲಿ ಮೂವತ್ತೊಂದು ಜನ ಏಳನೆಯ ಪ್ರಶ್ನೆಗೆ, ಹೃದಯದ ಪ್ರಶ್ನೆಗೆ, ಹೌದು ಅಂದಿದ್ದಾರೆ. ಅವರಲ್ಲಿ ಹದಿನಾಲ್ಕು ಮಂದಿಗೆ ಕ್ಯಾನ್ಸರ್."

ಕಟಗೇರಿಯವರಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ. "ಅಂದ್ರೆ ನಮ್ಮ ಜನರ ರಕ್ತದಲ್ಲೇ ಏನೋ ಇದೆ! ಊಟ ಇರಬಹುದು. ಜೋಳದ ರೊಟ್ಟಿ, ಹಿಂಡಿ ಖಾರ..."

"ಜೋಳದ ರೊಟ್ಟಿ ಸೊಲ್ಲಾಪುರದವರೂ ತಿಂತಾರೆ ಸರ್. ಅವರು ಮರಾಠಿ ಹಾಳೆಯಲ್ಲಿದ್ದಾರೆ." ಅವಳು ಕನ್ನಡದ ಹಾಳೆಯ ಮೇಲೆ ಬೆರಳಿಟ್ಟಳು. "ಬೇರೆ ಇರೋದು ಮೈ ಅಲ್ಲ ಅನಿಸುತ್ತೆ. ಹಾಳೆ."

ಈ ಕೆಲಸಕ್ಕೊಂದು ಪದ್ಧತಿ ಇದೆ. ಪ್ರಶ್ನೆಗಳನ್ನು ಒಬ್ಬರು ಇಂಗ್ಲಿಷಿನಿಂದ ಅನುವಾದಿಸಬೇಕು. ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು. ಎರಡೂ ತಾಳೆಯಾದರೆ ಹಾಳೆ ಪಾಸು. ಮರಾಠಿಗೂ ಹಿಂದಿಗೂ ಹೀಗೆಯೇ ಆಯಿತು. ಕನ್ನಡದ ಹಾಳೆಯನ್ನು ಮಾತ್ರ ಕಟಗೇರಿಯವರು ಒಂದು ಭಾನುವಾರ ಅವಲಕ್ಕಿಗೂ ಚಹಕ್ಕೂ ನಡುವೆ ಊಟದ ಮೇಜಿನ ಮೇಲೆ ಬರೆದು ಮುಗಿಸಿದ್ದರು. ತಿರುಗಿಸುವವರು ಯಾರು ಎಂದು ಅಂದು ಮಂಜರಿ ಕೇಳಿದಾಗ, "ತಾಯಿಭಾಷೆಗೆ ಪರೀಕ್ಷೆ ಬರೀಬೇಕೇನು ನಾನು?" ಎಂದು ನಕ್ಕುಬಿಟ್ಟಿದ್ದರು. ಹೆಂಡತಿ ವರದಾ ಒಮ್ಮೆ ಕಣ್ಣಾಡಿಸಿ "ಛಲೋ ಬರದೀರಿ" ಎಂದಿದ್ದಳು. ಅಲ್ಲಿಗೆ ತಜ್ಞರ ಸಮಿತಿ ಮುಗಿದಿತ್ತು.

"ಏಳನೆಯದನ್ನ ಈಗ ಇಂಗ್ಲಿಷಿಗೆ ತಿರುಗಿಸಿ ಹೇಳ್ತೀರಾ ಸರ್?" ಎಂದಳು ಮಂಜರಿ.

ಕಟಗೇರಿಯವರು ಹಾಳೆ ಎಳೆದುಕೊಂಡರು. ಎದೆಯಲ್ಲಿ ಏನಾದರೂ ತೊಂದರೆ ಇದೆಯೇ? ಅವರಿಗೆ ನೆನಪಾಯಿತು, ಮೊದಲು ಹೃದಯ ಎಂದು ಬರೆದು, ಓದು ಬಾರದ ಹೆಂಗಸರಿಗೆ ತಿಳಿಯಲಿಕ್ಕಿಲ್ಲ ಎಂದು ಹೊಡೆದುಹಾಕಿ ಎದೆ ಎಂದು ಬರೆದಿದ್ದರು. ಸರಳಗನ್ನಡ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದರು.

"ಹಾರ್ಟ್" ಎಂದರು. ಆಮೇಲೆ, "ಅಂದ್ರೆ... ಚೆಸ್ಟ್."

"ಯಾವುದು ಸರ್?"

"ಎರಡೂ ಒಂದೇ!" ಎಂದು ಅವರು ಮೇಜು ಗುದ್ದಿದರು. "ನಿನ್ನಿಂದ ನಾ ಕನ್ನಡ ಕಲೀಬೇಕಾಗಿಲ್ಲ. ಹೋಗು, ಆ ಹೆಂಗಸರನ್ನೇ ಕೇಳಿಕೊಂಡು ಬರ್ತೇನೆ." ಮಂಜರಿ ಹೋಗಲಿಲ್ಲ. ಅವರೇ ಎದ್ದು ಹೋದರು.

ಆ ಹದಿನಾಲ್ಕರಲ್ಲಿ ಒಬ್ಬಳು ಮೂರನೆಯ ಮಹಡಿಯಲ್ಲೇ ಇದ್ದಳು. ಪಾರವ್ವ, ಇಂಡಿ ಎಂಬ ಊರಿನ ಕಡೆಯವಳು. ಗಂಡ ಮುರುಗೆಪ್ಪ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಪಾಳಿ ದುಡಿಯುತ್ತಿದ್ದ, ಇವಳು ಅಲ್ಲಿಯೇ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆರು ತಿಂಗಳ ಹಿಂದೆ ಮೊದಲ ಸಲ ಬರುವಷ್ಟರಲ್ಲಿ ಬಲಗಡೆಯ ಗಡ್ಡೆ ಒಡೆದಿತ್ತು, ರೋಗ ಯಕೃತ್ತಿಗೂ ಎಲುಬಿಗೂ ಇಳಿದಿತ್ತು. ಕೊಯ್ದು ಪ್ರಯೋಜನವಿಲ್ಲವೆಂದು ಕಟಗೇರಿಯವರೇ ಬರೆದಿದ್ದರು. ಬರೆಯುವಾಗ ಅವರಿಗೆ ಕೆಡುಕೆನಿಸಿತ್ತು. ಅದರ ಜೊತೆಗೇ, ದಣಿದ ಹೃದಯವಿದ್ದರೆ ಗಡ್ಡೆ ಎಷ್ಟು ಬೇಗ ಓಡುತ್ತದೆ ನೋಡಿ ಎಂಬ ಒಂದು ತೃಪ್ತಿಯೂ ಇತ್ತು. ಅದನ್ನು ಮುಚ್ಚಿಡುವುದು ಬೇಡ.

ಮೆಟ್ಟಿಲು ಏರುತ್ತಾ ಅವರು ದೇವರಿಗೆ ಹರಕೆ ಹೊರುವುದೊಂದು ಬಾಕಿ. ಇವಳು ಒಂದು ಸಲ ಢವಢವ ಎಂದರೆ ಸಾಕು, ದಮ್ಮು ಎಂದರೆ ಸಾಕು, ಉಳಿದದ್ದನ್ನು ತಾನು ಪರಿಶೀಲಕರಿಗೆ ಹೇಳಿಕೊಳ್ಳುತ್ತೇನೆ.

"ಏನು ಪಾರವ್ವಾ, ಇವತ್ತರೆ ಏನರ ಉಂಡಿಯೇನವಾ?"

"ಎರಡು ಗುಟುಕು ಗಂಜಿ ಕುಡದೇನ್ರಿ. ನಿಂತ್ರಿ ಯಾಕ್ರಿ ಸಾಹೇಬ್ರ, ಕೂಡ್ರಿ." ಪಾರವ್ವ ದಿಂಬಿಗೆ ಒರಗಿ ಕೂತಳು. ತಮ್ಮ ಕಡೆಯ ಡಾಕ್ಟರು ಬಂದರೆಂದರೆ ಅವಳ ಮುಖ ಅಷ್ಟು ನೋವಿನಲ್ಲೂ ಅರಳುತ್ತಿತ್ತು.

"ಎರಡೂವರಿ ವರ್ಷದ ಹಿಂದ ಚಾಕಣದಾಗ ಕ್ಯಾಂಪ್ ಮಾಡಿದ್ವಿ, ನೆನಪದ ಇಲ್ಲೋ? ಆವಾಗ ಎದ್ಯಾಗ ತ್ರಾಸ ಅದ ಅಂತ ಹೇಳಿದ್ದಿ."

"ಹೌದ್ರಿ. ಹೇಳಿದ್ನಿ."

ಕಟಗೇರಿಯವರ ಉಸಿರು ಹಗುರಾಯಿತು. ಸ್ಟೂಲು ಎಳೆದುಕೊಂಡು ಕೂತರು. "ಹಂಗಂದ್ರ ಏನಾಗ್ತಿತ್ತು? ಢವಢವ ಅಂತಿತ್ತೇನು? ಪಾವಟಿಗಿ ಏರಿದ್ರ ದಮ್ಮು ಹತ್ತತಿತ್ತೇನು? ವಿಚಾರ ಮಾಡಿ ಹೇಳು."

"ದಮ್ಮು ಯಾಕ ಹತ್ತತದ್ರಿ? ದಿನಾ ಇನ್ನೂರು ರೊಟ್ಟಿ ಬಡೀತಿದ್ನಿ. ಮೂರು ಮಜಲಿ ಮ್ಯಾಲ ಕೊಡಾ ಹೊತಗೊಂಡು ಏರತಿದ್ನಿ."

"ಸ್ವಲ್ಪರೆ? ಒಮ್ಮೊಮ್ಮೆ?"

"ಇಲ್ರಿ."

"ಮತ್ತ ತ್ರಾಸ ಅಂದ್ರ ಏನದು?"

ಪಾರವ್ವ ಪಕ್ಕದ ಮಂಚದವಳತ್ತ ನೋಡಿ ಸೆರಗು ಎಳೆದುಕೊಂಡಳು. ದನಿ ಇಳಿಸಿದಳು. "ಗಂಟ್ರಿ. ಎದ್ಯಾಗ ಗಂಟಿತ್ತಲ್ರಿ. ಹುಣಸಿ ಬೀಜದಷ್ಟು."

"ಆವಾಗನ? ಕ್ಯಾಂಪಿನ ದಿವಸ?"

"ಹೌದ್ರಿ ಮತ್ತ. ಅದಕ್ಕಲ್ಲೇನ್ರಿ ನಾ ಒಂದು ದಿನದ ಪಗಾರ ಬಿಟ್ಟು ಬಂದದ್ದು."

ಕಟಗೇರಿಯವರು ತಮ್ಮ ಎಡ ಎದೆಗೆ ಬೆರಳಿನಿಂದ ಬಡಿದುಕೊಂಡರು. "ನಾ ಕೇಳಿದ್ದು ಇದು ಪಾರವ್ವಾ. ಒಳಗ ಬಡೀತದಲ್ಲ, ಇದು. ಗುಂಡಿಗಿ. ಎದಿ ಅಂದ್ರ ಗುಂಡಿಗಿ."

ಪಾರವ್ವನಿಗೆ ನಗು ಬಂತು. ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎಂಬ ಮರುಕದ ನಗು. "ಕೂಸಿಗೆ ಎದಿಹಾಲು ಕೊಡತೇವಲ್ರಿ ಸಾಹೇಬ್ರ, ಅದೇನು ಗುಂಡಿಗ್ಯಾಗಿಂದ ಬರತದೇನ್ರಿ?"

ಇದಕ್ಕೆ ಮೇಲೆ ಹೇಳುವುದೇನು? ಧೈರ್ಯಕ್ಕೂ ಎದೆ ಎನ್ನುತ್ತೇವೆ, ದುಃಖಕ್ಕೂ ಎದೆ ಎನ್ನುತ್ತೇವೆ, ಕೂಸಿನ ಬಾಯಿಗೆ ಕೊಡುವುದನ್ನೂ ಎದೆ ಎನ್ನುತ್ತೇವೆ. ಮರ್ಯಾದಸ್ಥ ಹೆಂಗಸು ಗಂಡಸರ ಮುಂದೆ ಅನ್ನುವುದು ಅದೊಂದೇ ಮಾತು. ಧಾರವಾಡದ ಮನೆಯಲ್ಲಿ ತಾಯಿ, ಅತ್ತೆ, ಚಿಗವ್ವಂದಿರ ನಡುವೆ ಬೆಳೆದ ಕಟಗೇರಿಯವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಟು ಸಾವಿರ ಸ್ತನಗಳನ್ನು ಕೊಯ್ದ ಕೈಗೂ ಗೊತ್ತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆಗೆ ನಾವು ಚಿಕ್ಕಂದಿನಲ್ಲಿ ನಕ್ಕಿದ್ದೇವೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಆದರೂ ಮುಳುಗುವವನು ಹುಲ್ಲುಕಡ್ಡಿ ಬಿಡುವುದಿಲ್ಲ. "ಹನ್ನೊಂದನೇ ಪ್ರಶ್ನೆ ಬ್ಯಾರೇನ ಇತ್ತಲ್ಲ!" ಎಂದು ಅವರು ಹಾಳೆ ಬಿಡಿಸಿದರು. "ಇಲ್ಲೆ ನೋಡು. ಸ್ತನದಲ್ಲಿ ಗಂಟು ಇದೆಯೇ? ನೀ ಇಲ್ಲ ಅಂದೀ. ನಿನ್ನ ಹೆಬ್ಬಟ್ಟು ಅದ. ಯಾಕ ಇಲ್ಲ ಅಂದಿ?"

"ಎಲ್ಲೆ ಗಂಟು ಅಂದ್ರಿ?"

"ಸ್ತನದಲ್ಲಿ."

"ಟೇಶನದಲ್ಲಿ ಅಂತ ಕೇಳಿತ್ರಿ ನನಗ." ಪಾರವ್ವ ನೆನಪು ಮಾಡಿಕೊಂಡಳು. "ಆ ಹುಡುಗಿ ಗಡಿಬಿಡ್ಯಾಗ ಓದಿದ್ಲು. ಟೇಶನದಾಗ ಗಂಟು ಬಿಟ್ಟು ಬಂದೀಯೇನು ಅಂತ ಕೇಳ್ಯಾಳ ಅನಕೊಂಡೆ. ಊರ ಬಿಟ್ಟು ಬಂದ ಮಂದಿ ಅಲ್ರಿ ನಾವು. ನಂದೇನೂ ಗಂಟಿಲ್ಲವಾ, ಎಲ್ಲಾ ಮನ್ಯಾಗ ಅದ ಅಂದೆ. ಇಲ್ಲ ಅಂತ ಬರಕೊಂಡ್ಲು."

ಸ್ತನಕ್ಕೊಂದು ಆಡುಮಾತಿದೆ. ಇಂಡಿಯಿಂದ ಬೀದರಿನವರೆಗೆ ಎಲ್ಲ ಹೆಂಗಸರಿಗೂ ತಿಳಿಯುವ ಮಾತು. ಅದನ್ನು ಕಟಗೇರಿಯವರಂಥ ಮನೆತನದವರು ನಾಲಿಗೆಯ ಮೇಲೆ ತರುವುದಿಲ್ಲ, ಅಂದಮೇಲೆ ಹಾಳೆಯ ಮೇಲೆ ಎಲ್ಲಿಂದ ಬರಬೇಕು? ಹೃದಯವೆಂಬ ಸಂಸ್ಕೃತ ಕಷ್ಟವಾದೀತೆಂದು ತೆಗೆದವರು ನಾಲ್ಕು ಸಾಲು ಕೆಳಗೆ ಸ್ತನವೆಂಬ ಸಂಸ್ಕೃತವನ್ನು ಮರ್ಯಾದೆಗಾಗಿ ಇಟ್ಟರು. ಆ ಮರ್ಯಾದೆಯನ್ನು ಸುಡಬೇಕು.

"ಮಿಷಿನ್ ಇಟ್ಟಾಗರೆ ಹೇಳಬೇಕಿತ್ತಲ್ಲವಾ..." ಅವರ ದನಿ ಬೇಡುವ ದನಿಯಾಗಿತ್ತು.

"ಹೇಳಿದ್ನಿ. ಆ ಮಿಷಿನ್ನಿನ ಹೆಣ್ಣಮಗಳು ಎಡಕ್ಕ ಇಟ್ಟು ಒತ್ತಿದ್ಲು. ಬಲಕ್ಕ ಅದ, ಬಲಕ್ಕ ಅದ ಅಂದೆ. ಮರಾಠ್ಯಾಗ 'ಹಲೂ ನಕಾ' ಅಂದ್ಲು. ಅಲಗಾಡಬ್ಯಾಡ ಅಂದ್ರ ಅಲಗಾಡಬಾರದು ಅಂತ ಸುಮ್ನ ಮಲಗಿದ್ನಿ. ಆಮ್ಯಾಲ ನೀವ ಬಂದು ಗುಳಿಗಿ ಕೊಟ್ರೆಲ್ಲ. ಇದು ಎದಿ ಸಲುವಾಗಿ, ತಪ್ಪಸಬ್ಯಾಡ ಅಂದ್ರಿ. ಒಂದು ದಿನಾನೂ ತಪ್ಪಸಿಲ್ರಿ. ಗಂಟು ದೊಡ್ಡದಾದಾಗ, ಗುಳಿಗಿ ಅದನ್ನ ಮ್ಯಾಲ ತರಾಕ ಹತ್ತೇದ, ಒಡದು ಹೋಗತದ ಅಂತ ತಿಳಕೊಂಡಿದ್ನಿ."

ಕಟಗೇರಿಯವರು ಎದ್ದು ವಾರ್ಡಿನ ಹೊರಗಿನ ಬೇಸಿನ್ನಿನ ಹತ್ತಿರ ಹೋಗಿ ನಲ್ಲಿ ಬಿಟ್ಟರು. ಕೈ ತೊಳೆದರು, ಮತ್ತೆ ತೊಳೆದರು. ಕ್ಯಾಂಪಿಗೆ ಬಂದವರೆಲ್ಲ ರಕ್ತಹೀನರು, ಅವರ ಹೃದಯ ಅಳೆದರೆ ಅರ್ಧಕ್ಕರ್ಧ ಜನರಲ್ಲಿ ಒಂದಿಷ್ಟು ಸೋಲು ಕಾಣುತ್ತದೆ. ಅದಕ್ಕೆ ಮುನ್ನೆಚ್ಚರಿಕೆಯೆಂದು ಹೃದಯದ ಗುಳಿಗೆ. ತಮಗೆ ಗಂಟಿದೆ ಎಂದು ತಾವೇ ಬಂದು ಹೇಳಿದ ಹೆಂಗಸರನ್ನು ತಾನು ಹೃದಯರೋಗಿಗಳೆಂದು ಬರೆದುಕೊಂಡ. ಎರಡು ವರ್ಷ ಆ ಗಂಟು ಬೆಳೆಯಲು ಬಿಟ್ಟು, ಬೆಳೆದ ಮೇಲೆ ನೋಡಿ, ಹೃದಯ ಸೋತದ್ದಕ್ಕೇ ಬೆಳೆಯಿತು ಎಂದು ಜಗತ್ತಿಗೆ ಸಾರಿದ. ಇಲಿಗಳ ಮಟ್ಟಿಗೆ ಅವರ ಮಾತು ಈಗಲೂ ನಿಜವಿರಬಹುದು. ಮನುಷ್ಯರ ಮಟ್ಟಿಗೆ ಅವರ ಹತ್ತಿರ ಇದ್ದದ್ದು ಒಂದು ಶಬ್ದ ಮಾತ್ರ.

ಬೇಸಿನ್ ಹಿಡಿದು ನಿಂತಾಗ ಇನ್ನೊಂದು ಯೋಚನೆಯೂ ಬಂತು. ಶುಕ್ರವಾರಕ್ಕೆ ಇನ್ನು ಎರಡೇ ದಿನ. ಇದು ಮಂಜರಿಗೆ ಅನುಮಾನ, ತನಗೊಬ್ಬನಿಗೆ ಗೊತ್ತು. ಭಾಷೆಯ ಪ್ರಕಾರ ಬೇರೆ ಮಾಡಿದ ಆ ಹಾಳೆಯನ್ನು ಪರಿಶೀಲಕರು ಕೇಳಲಿಕ್ಕಿಲ್ಲ. ಪಾರವ್ವ ಹೆಚ್ಚೆಂದರೆ ಎರಡು ತಿಂಗಳು. ಹದಿನಾರು ವರ್ಷ ಎಲ್ಲಿ, ಒಂದು ಶಬ್ದ ಎಲ್ಲಿ. ಈ ಯೋಚನೆ ಬಂದದ್ದಕ್ಕೆ ಅವರನ್ನು ಬೈಯುವವರು ಬೈಯಲಿ. ಬಂದದ್ದು ನಿಜ, ಒಂದೆರಡು ನಿಮಿಷ ನಿಂತದ್ದೂ ನಿಜ. ಅದನ್ನು ಓಡಿಸಿದ್ದು ಧರ್ಮಬುದ್ಧಿಯಲ್ಲ, ಒಂದು ಸಣ್ಣ ಕಳೆಯುವ ಲೆಕ್ಕ. ಮೂವತ್ತೊಂದರಲ್ಲಿ ಹದಿನಾಲ್ಕು ಹೋದರೆ ಹದಿನೇಳು. ಎದೆಯಲ್ಲಿ ತೊಂದರೆ ಇದೆ ಎಂದು ಹೇಳಿದ ಹದಿನೇಳು ಹೆಂಗಸರು ಈ ಹೊತ್ತು ಎಲ್ಲಿಯೋ ಪಾತ್ರೆ ತಿಕ್ಕುತ್ತಾ, ರೊಟ್ಟಿ ಬಡಿಯುತ್ತಾ, ತನ್ನ ಗುಳಿಗೆ ನುಂಗುತ್ತಾ ಇದ್ದಾರೆ. ಕಟಗೇರಿಯವರ ಎದೆ ಧಸಕ್ಕೆಂದಿತು, ನಿಜವಾದ ಎದೆ, ಒಳಗಿನದು.

ತಿರುಗಿ ಒಳಗೆ ಹೋಗಿ ಪಾರವ್ವನ ಮುಂದೆ ನಿಂತರು. ಎಲ್ಲವನ್ನೂ ಹೇಳಿದರು. ತಾನು ಕೇಳಿದ್ದೇನು, ಅವಳು ಹೇಳಿದ್ದೇನು, ಗುಳಿಗೆ ಯಾತರದು, ಅಂದೇ ಗೊತ್ತಾಗಿದ್ದರೆ ಒಂದು ಸಣ್ಣ ಆಪರೇಶನ್ನಿನಲ್ಲಿ ಏನಾಗುತ್ತಿತ್ತು. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ತಪ್ಪು ನಂದು ಪಾರವ್ವಾ. ಪೂರಾ ನಂದು" ಎಂದರು.

ಪಾರವ್ವ ಅಳಲಿಲ್ಲ.

"ಹಂಗಾರ ಆವತ್ತು ನೀವು ಇಷ್ಟೆಲ್ಲಾ ಮಂದಿನ್ನ ಕರಿಸಿದ್ದು ಯಾತರ ಸಲುವಾಗ್ರಿ?" ಎಂದು ಕೇಳಿದಳು. "ಕ್ಯಾನ್ಸರ್ ಹುಡಕಾಕ ಅಂದಿದ್ರೆಲ್ಲ."

ಕಟಗೇರಿಯವರು ಕಿಸೆಯಿಂದ ಫೋನು ತೆಗೆದು, ಕ್ಯಾಂಪಿನ ಪಟ್ಟಿ ತೆರೆದು, ಆ ಹದಿನೇಳರಲ್ಲಿ ಮೊದಲನೆಯ ಹೆಸರು ಗಟ್ಟಿಯಾಗಿ ಓದಿದರು. ಹುಲಿಗೆವ್ವ. ಚಾಕಣ. ಎದೆಯ ತೊಂದರೆ ಇದೆ. ಗುಳಿಗೆ ನಡೆದಿದೆ. ಆರೋಗ್ಯ ಸ್ಥಿರ.

"ನಮ್ಮ ಓಣಿಯಾಕಿ" ಎಂದಳು ಪಾರವ್ವ. "ನನ್ನ ಕೂಡನ ಬಂದಿದ್ಲು. ಆಕೀಗೂ ಗಂಟ ಇತ್ತು."

ಅವರು ನಂಬರು ಒತ್ತಿದರು. ಆ ಕಡೆ ಗಂಟೆ ಬಾರಿಸುತ್ತಿದ್ದಂತೆ, ಏನೆಂದು ಕೇಳಬೇಕು ಎಂದು ಬಾಯಲ್ಲಿ ಆ ಮಾತನ್ನು ಹೊರಳಿಸಿ ನೋಡಿದರು. ಅದು ಹಲ್ಲು ದಾಟಿ ಬರಲಿಲ್ಲ. ಪಾರವ್ವ ಅವರ ಮುಖ ನೋಡಿ ಕೈ ಚಾಚಿದಳು.

"ಇಲ್ಲೆ ಕೊಡ್ರಿ. ನಿಮ್ಮ ಕೈಲೆ ಆಗಂಗಿಲ್ಲ." ಫೋನನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದ ಮಂಚದವಳು ಕೇಳಿದರೂ ಕೇಳಲಿ ಎಂಬಂತೆ ಅವಳು ದನಿ ಎತ್ತಿದಳು. "ಏ ಹುಲಿಗೆವ್ವಾ, ನಾ ಪಾರವ್ವ. ನಿನ್ನ ಮೊಲ್ಯಾಗಿನ ಗಂಟು ಹೆಂಗದ?"

"ಅಯ್ಯ, ಬೆಳೀತ ನಡದದ ತಗಿ" ಎಂದು ಆ ಕಡೆಯಿಂದ ದನಿ ಬಂತು, ಸ್ಪೀಕರಿನಲ್ಲಿ ಇಡೀ ವಾರ್ಡಿಗೆ ಕೇಳುವಂತೆ. "ಮೊದಲ ಲಿಂಬಿಕಾಯಿ ಇತ್ತು, ಈಗ ಮೋಸಂಬಿ ಆಗೇದ. ಕಂಕಳಾಗೂ ಒಂದು ಹುಟ್ಟೇದ. ನನಗೇನು ಅಂಜಿಕಿ ಇಲ್ಲ ಬಿಡು, ಕಟಗೇರಿ ಡಾಕ್ಟರ ಗುಳಿಗಿ ಒಂದು ದಿನಾನೂ ತಪ್ಪಸಿಲ್ಲ ನಾ."

ಪಾರವ್ವ ಫೋನನ್ನು ಡಾಕ್ಟರರ ಕೈಗೆ ಕೊಟ್ಟಳು.

"ಹುಲಿಗೆವ್ವಾ, ನಾನು ಕಟಗೇರಿ" ಎಂದರು ಅವರು. "ಆ ಗುಳಿಗಿ..."

"ನೀವೇನ್ರಿ ಸಾಹೇಬ್ರ!" ಹುಲಿಗೆವ್ವನ ದನಿ ಸಂತೋಷಕ್ಕೆ ಏರಿತು. "ಛಲೋ ಆತ್ರಿ ನೀವ ಸಿಕ್ಕದ್ದು. ಗಂಟು ದೊಡ್ಡದಾಗೇದಲ್ರಿ, ನಾಳಿಂದ ಒಂದರ ಬದಲಿ ಎರಡು ನುಂಗಲೇನ್ರಿ?"